ಗೋದಾಮಿನಲ್ಲಿ ಹಾಡಿದ ಆಲ್ಬಂ

"ಒಂದು ಸಲ... ಎರಡು ಸಲ..."

ಮೂರನೆಯದು ಅವಳ ಬಾಯಿಂದ ಹೊರಡಲೇ ಇಲ್ಲ.

ಎತ್ತಿದ ಕೈ ಎತ್ತಿದ ಹಾಗೆಯೇ ಉಳಿಯಿತು. ಕಟ್ಟೆಯ ಕೆಳಗೆ ಬಾಯಿ ಬಿಚ್ಚಿದ ಈರುಳ್ಳಿ ಮೂಟೆಗಳ ಸಾಲು. ಒಣಗಿದ ಕೆಂಪು ಸಿಪ್ಪೆ ಗಾಳಿಗೆ ಎದ್ದು, ಸುತ್ತಿ, ಮತ್ತೆ ಕೂರುತ್ತಿತ್ತು. ವ್ಯಾಪಾರಿಗಳು ಒಂದೊಂದು ಗಡ್ಡೆ ಕೈಯಲ್ಲಿ ಹಿಡಿದು ಅವಳ ಬಾಯನ್ನೇ ನೋಡುತ್ತಿದ್ದರು. ಇಡೀ ಮಾರುಕಟ್ಟೆಗೆ ಅವಳು ಹರಾಜಕ್ಕ. ಮೈಕು ಕೆಟ್ಟರೂ ಕೊನೆಯ ಸಾಲಿನವರೆಗೆ ಕೇಳುವ ಗಂಟಲು ಅವಳದು. ಕೂಗು ಹಿಡಿದರೆ ನಡುವೆ ನಿಲ್ಲಿಸಿದ್ದನ್ನು ಯಾರೂ ಕಂಡಿರಲಿಲ್ಲ.

"ಯಾಕಕ್ಕ, ಎರಡಕ್ಕೇ ನಿಂತುಬಿಟ್ರಿ? ಮೂಟೆ ನನಗೆ ಸಿಗೋದು ನಿಮಗೆ ಇಷ್ಟ ಇಲ್ವಾ?" ದಪ್ಪ ವ್ಯಾಪಾರಿಯೊಬ್ಬ ನಗಾಡಿದ.

"ಸ್ವಲ್ಪ ಬಾಯಿ ಮುಚ್ಚಿ!"

ಅವಳು ಕತ್ತು ತಿರುಗಿಸಿ ಕಿವಿಗೊಟ್ಟಳು.

ಪಕ್ಕದಲ್ಲಿ ನಿಂತ ಲಾರಿಯ ಒಳಗಿನಿಂದ ಹಾಡು ಬರುತ್ತಿತ್ತು. ಡ್ರಮ್ಮಿನ ನಿಧಾನದ ಹೊಡೆತ. ಗೋಡೆಗೆ ಮೈ ಉಜ್ಜಿಕೊಂಡು ಬಂದಂಥ ಗಿಟಾರು. ಅದರ ಮೇಲೆ ಒಬ್ಬ ಹೆಂಗಸಿನ ದನಿ... ಅಗಲವಾದ, ಭಾರವಾದ, ಹೊಟ್ಟೆಯಿಂದ ಎದ್ದು ಬಂದ ದನಿ.

'ಹಾಡು ನನ್ನದು. ಮಾತೂ ನನ್ನದು. ಈ ದನಿ... ಇದು ಆವತ್ತು ನನ್ನಿಂದ ಕಿತ್ಕೊಂಡ ದನಿ ಅಲ್ವಾ?'

ಕಟ್ಟೆಯಿಂದ ಇಳಿದು ಲಾರಿಯ ಬಾಗಿಲು ಬಡಿದಳು. ಮಲಗಿದ್ದ ಡ್ರೈವರ್ ಗಾಬರಿಯಿಂದ ಎದ್ದ.

"ಏನಪ್ಪಾ ಇದು? ಎಲ್ಲಿ ಸಿಕ್ತು?"

"ಫೋನಲ್ಲಿ ಬಂತಕ್ಕ. ಯಾವುದೋ ಹಳೇ ಆಲ್ಬಂ ಅಂತೆ. ಆವಾಗ ಒಬ್ಬರೂ ಮೂಸಿ ನೋಡ್ಲಿಲ್ವಂತೆ. ಈಗ ನೋಡಿ, ಯಾವ ಢಾಬಾಕ್ಕೆ ಹೋದ್ರೂ ಇದೇ. ಪಾಪ, ಹಾಡಿದೋಳು ಸತ್ತು ಹೋಗಿದ್ದಾಳೆ."

"ಸತ್ತು ಹೋದ್ಲು ಅಂತ ಯಾರಪ್ಪಾ ಹೇಳಿದ್ದು?!"

"ಕೆಳಗೆ ಜನ ಬರ್ದಿದ್ದಾರೆ. ಮತ್ತಿನ್ನೇನಕ್ಕ, ಬದುಕಿದ್ರೆ ಇಂಥ ದನಿ ಇಟ್ಕೊಂಡು ಸುಮ್ನೆ ಕೂತಿರ್ತಿದ್ಲಾ?"

ಅವಳು ಫೋನು ಕಿತ್ತುಕೊಂಡು ನೋಡಿದಳು. ಹಾಕಿದವರ ಹೆಸರಿರಲಿಲ್ಲ. ಹಳೆಯ ಟೇಪು ಮೆಷಿನ್ನಿನ ಚಿತ್ರ ಮಾತ್ರ. ಬಿದ್ದುಹೋದ ಒಂದು ತಿರುಪಿನ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳ ಅಂಟಿಸಿತ್ತು.

ಆ ಮುಚ್ಚಳ ಅಂಟಿಸಿದ ಕೈ ಯಾರದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಅವಳ ಕಿವಿ ಕಾದು ಕೆಂಪಾಯಿತು.

'ನನ್ನನ್ನ ಕೇಳದೆ ಕೆಡಿಸಿದ. ಈಗ ಕೇಳದೆ ಸರಿ ಮಾಡಿದ್ದಾನೆ! ನಾನೇನು ಇವನ ಅಂಗಡಿಗೆ ರಿಪೇರಿಗೆ ಬಂದ ರೇಡಿಯೋನಾ?'

* * *

ಹದಿನೆಂಟು ವರ್ಷದ ಹಿಂದಿನ ಮಾತು. ಊರಾಚೆ ಅವಳ ಸೋದರತ್ತೆಯ ಗಂಡನ ಧಾನ್ಯದ ಗೋದಾಮು ಆ ವರ್ಷ ಖಾಲಿ ಬಿದ್ದಿತ್ತು. ದಪ್ಪ ಗೋಡೆ, ಎತ್ತರದ ಸೂರು. ಒಂದು ಮಾತಾಡಿದರೆ ಸಾಕು, ದನಿ ತುಂಬಿಕೊಂಡು ನಿಲ್ಲುತ್ತಿತ್ತು. ಕರೆಂಟಿನ ಕಂಬ ಅಲ್ಲಿಗೆ ಬಂದಿರಲಿಲ್ಲ. ಬಾಗಿಲಾಚೆ ಬಾಡಿಗೆಯ ಜನರೇಟರ್ ಇಟ್ಟು, ಗಿಟಾರು, ಡ್ರಮ್ಮು ತರಿಸಿ, ಅವಳು ತನ್ನ ಮೊದಲ ಆಲ್ಬಂ ಹಾಡಿದಳು.

ರೆಕಾರ್ಡ್ ಮಾಡಿದವನು ಅವನು, ಆ ಸೋಡಾ ಮುಚ್ಚಳದ ಮೆಷಿನ್ನಿನವನು. ಯಾವಾಗ ನೋಡಿದರೂ ಕುತ್ತಿಗೆಗೆ ವೈರು ಸುತ್ತಿಕೊಂಡಿರುತ್ತಿದ್ದುದರಿಂದ ಊರಿಗೆಲ್ಲ ಅವನು 'ತಂತಿ'. ಆಲ್ಬಂ ಹೊರಬಂದ ಮೇಲೆ ಮದುವೆ ಎಂದು ಇಬ್ಬರ ಮನೆಯಲ್ಲೂ ಮಾತಾಗಿತ್ತು.

ಟೇಪು ಹಿಡಿದು ಪಟ್ಟಣದ ಕಂಪನಿಗೆ ಅವನೊಬ್ಬನೇ ಹೋಗಿ ಬಂದ. ಕ್ಯಾಸೆಟ್ ಬಂದ ದಿನ ಮನೆ ತುಂಬ ನೆಂಟರು. ಮೊದಲ ಹಾಡಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡನೆಯದು ಶುರುವಾಯಿತು ನೋಡಿ... ನಾಯಿ ಅಟ್ಟಿಸಿಕೊಂಡು ಬಂದವರ ಹಾಗೆ ತಾಳ ಓಡುತ್ತಿತ್ತು. ಅವಳ ದನಿ ಎಳೆ ಹುಡುಗಿಯ ಕೀರಲು. ಕೊನೆಯ ಹಾಡಿನವರೆಗೂ ಅದೇ ಕಥೆ.

"ಸೊಳ್ಳೆ ಹಾಡ್ತಿದೆಯಲ್ಲೇ!" ಎಂದಳು ಅತ್ತಿಗೆಯೊಬ್ಬಳು. ಮನೆಯೆಲ್ಲ ನಕ್ಕಿತು. ಆ ಹೆಸರು ಊರಿನಲ್ಲಿ ಅಂಟಿಕೊಂಡಿತು.

"ಏನ್ ಮಾಡಿದೆ ಇದಕ್ಕೆ?" ಎಂದು ಅವಳು ಅವನನ್ನು ಕೇಳಿದ್ದಳು.

"ನಾನು ಮುಟ್ಟಿಲ್ಲ... ಕಂಪನಿಯವನು ಮಾತ್ರ 'ದನಿ ತೆಳು, ಪರವಾಗಿಲ್ಲ, ಹುಡುಗೀರ ದನಿ ಹೀಗಿದ್ರೇನೇ ಮಾರಾಟ ಆಗುತ್ತೆ' ಅಂದ."

ಅಷ್ಟು ಸಾಕಾಯಿತು. ಮೊದಲ ಹಾಡು ಸರಿಯಾಗಿದೆ, ಉಳಿದದ್ದು ಓಡಿದೆ. ಕಂಪನಿಯವರ ಮಾತಿಗೆ ಬೇಕೆಂದೇ ಓಡಿಸದೆ ಹಾಗಾಗುತ್ತದೆಯೇ?

"ನನ್ನ ದನೀನ ಮಾರ್ಕೊಂಡು ಬಂದಿದ್ದೀಯ!" ನೆಂಟರೆಲ್ಲರ ಮುಂದೆ ಕೂಗಿದಳು. ಅವನು ವೈರು ಸುತ್ತಿಕೊಂಡು ಎದ್ದುಹೋದ. ಅವಳು ಮತ್ತೆ ಹಾಡಲಿಲ್ಲ.

* * *

ಮಧ್ಯಾಹ್ನ ಮನೆಗೆ ಬಂದಾಗ ಸೋದರತ್ತೆ ಹೊಸ್ತಿಲ ಮೇಲೆ ಕಾಲು ನೀಡಿ ಕೂತು, ಫೋನು ಕಿವಿಗೆ ಒತ್ತಿ ಹಿಡಿದು ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ನೀನೂ ಅದನ್ನೇ ಕೇಳ್ತಿದ್ದೀಯಾ ಅತ್ತೆ?!"

"ಆವತ್ತು ಗೋದಾಮಿನ ಬಾಗಿಲಲ್ಲಿ ನಿಂತು ನಾನು ಕೇಳಿದ್ದು ಇದೇ ಕಣೇ. ಆ ಹಾಳು ಕ್ಯಾಸೆಟ್ಟಲ್ಲ." ಅತ್ತೆ ಮೂಗು ಒರೆಸಿಕೊಂಡಳು. "ಎಲ್ಲಿಗೆ ಹೊರಟೆ ಮತ್ತೆ?"

"ಬೈದು ಬರೋಕೆ."

"ಹೋಗು, ಹೋಗು. ಅಂತೂ ಬೈಯೋಕಾದ್ರೂ ಅವನ ಮನೆ ದಾರಿ ಹಿಡಿದ್ಯಲ್ಲ."

"ಅತ್ತೆ!"

"ನಾನೇನಂದೆ? ಬಿಸಿಲಿದೆ, ತಲೆ ಮೇಲೆ ಬಟ್ಟೆ ಹಾಕ್ಕೋ ಅಂದೆ."

* * *

ಅವನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಮುಂಭಾಗದಲ್ಲಿ ಬಿಚ್ಚಿ ಹರಡಿದ ನೀರಿನ ಮೋಟರುಗಳು, ಗ್ರೀಸಿನ ವಾಸನೆ. ಒಳಗಡೆ ಮೇಜಿನ ಮೇಲೆ ಆ ಮೆಷಿನ್ನು. ತಾಮ್ರದ ತಂತಿ ಸುತ್ತುತ್ತಿದ್ದ ಅವನು ತಲೆಯೆತ್ತಿದ. ಕಿವಿಯ ಮೇಲೆ ನರೆ ಬಂದಿತ್ತು.

"ತೆಗಿ ಅದನ್ನ!"

"...ಕೂತ್ಕೊ."

"ಕೂತ್ಕೊಳ್ಳೋಕೆ ಬಂದಿಲ್ಲ. ಫೋನಿಗೆ ಹಾಕಿದ್ದೀಯಲ್ಲ, ಈಗಲೇ ತೆಗಿ. ಯಾರನ್ನ ಕೇಳಿ ಹಾಕಿದೆ?"

"ನಿನ್ನ ಕೇಳೋಣ ಅಂತ ಮಾರುಕಟ್ಟೆವರೆಗೂ ಬಂದೆ, ಎರಡು ಮೂರು ಸಲ. ನೀನು ಕೂಗ್ತಿದ್ದೆ. ಧೈರ್ಯ ಆಗ್ಲಿಲ್ಲ." ಅವನು ಕೈ ಒರೆಸಿಕೊಂಡ. "ನಿನಗೆ ಬೇಡ ಅಂದ್ರೆ ಈ ಕ್ಷಣ ತೆಗೀತೀನಿ. ಹೇಳು."

ಅವಳ ಬಾಯಿಗೆ 'ತೆಗಿ' ಎಂಬ ಮಾತು ಮತ್ತೆ ಬರಲಿಲ್ಲ. ಆ ಲಾರಿಯಲ್ಲಿ ಕೇಳಿದ ದನಿ ಇನ್ನೂ ಎದೆಯಲ್ಲಿ ಕೂತಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಪಾಪಪ್ರಜ್ಞೆನಾ? ಓಡಿಸಿದವನೇ ನಿಧಾನ ಮಾಡಿ ಕೈ ತೊಳ್ಕೊಂಡ್ಯಾ?"

"ನಾನು ಓಡಿಸಿಲ್ಲ. ಆವತ್ತೂ ಹೇಳಿದ್ದೆ. ಮೆಷಿನ್ನಿನ ತಪ್ಪು."

"ಮೆಷಿನ್ನು ಮೊದಲನೇ ಹಾಡು ಬಿಟ್ಟು ಉಳಿದದ್ದಕ್ಕೆ ಮಾತ್ರ ತಪ್ಪು ಮಾಡುತ್ತಾ?"

ಅವನು ಮತ್ತೆ ತಂತಿ ಸುತ್ತತೊಡಗಿದ.

"ಸರಿ, ಎಷ್ಟು ನಿಧಾನ ಮಾಡ್ಬೇಕು ಅಂತ ಹೇಗೆ ಗೊತ್ತಾಯ್ತು?"

"ಹೀಗೇ... ಅಂದಾಜು."

"ನೀನು ಅಂದಾಜಿಗೆ ಒಂದು ಮೊಳೆನೂ ಹೊಡೆಯೋನಲ್ಲ! ಏನೋ ಮುಚ್ಚಿಡ್ತಿದ್ದೀಯ. ಆ ಟೇಪಲ್ಲಿ ಏನಿದೆ? ಹಾಕು."

"ಬೇಡ."

"ಹಾಕು ಅಂದೆ!"

"ಬೇಡ ಕಣೇ... ಹಾಡು ಸರಿಯಾಯ್ತಲ್ಲ, ಅಷ್ಟು ಸಾಲದಾ? ಕಂಪನಿ ಮುಚ್ಚಿ ಎಲ್ಲ ಗುಜರಿಗೆ ಹಾಕ್ತಿದ್ರು. ಹೋಗಿ ಟೇಪು ಹುಡುಕಿ ತಂದೆ. ನನ್ನನ್ನ ಬೈದ್ಕೊಂಡೇ ಇರು, ಅಭ್ಯಾಸ ಆಗಿದೆ."

ಅವಳು ಅವನನ್ನು ಪಕ್ಕಕ್ಕೆ ತಳ್ಳಿ ಗುಂಡಿ ಒತ್ತಿದಳು.

ಮೊದಲ ಹಾಡಿನ ಕೊನೆಯ ಗಿಟಾರು. ಮೌನ. ಹಿಂದೆಲ್ಲೋ ಜನರೇಟರಿನ ಗುರುಗುರು. ಆಮೇಲೆ ಅವಳದೇ ಮಾತು, ದಪ್ಪ, ತುಂಬಿದ ದನಿ: "ಮುಂದಿನದು ಮೆತ್ತಗಿನ ಹಾಡು, ಆ ಸದ್ದು ಅಡ್ಡ ಬರುತ್ತೆ. ಇರು, ಜನರೇಟರ್ ಇಳಿಸಿ ಬರ್ತೀನಿ."

ಹೊರಗೆ ಹೋಗುವ ಹೆಜ್ಜೆ. ಬಾಗಿಲ ಕಿರುಗುಟ್ಟು. ಕಾಯುತ್ತ ಕೂತಿದ್ದ ಅವನು ಏನೋ ಸಿಳ್ಳೆ ಹಾಕುತ್ತಿದ್ದ. ಆ ಸಿಳ್ಳೆ ಇದ್ದಕ್ಕಿದ್ದಂತೆ ಮೇಲೇರಿತು, ತೆಳ್ಳಗಾಯಿತು, ಓಡಿತು. ತಿರುಗಿ ಬಂದ ಹೆಜ್ಜೆಗಳು ಪಟಪಟ. ಮತ್ತೆ ಅವಳ ಮಾತು...

"ಈಗ ಸರೀನಾ?"

ಎಳೆ ಹುಡುಗಿಯ ಕೀರಲು.

"ಜಾಣೆ! ಈಗ ಸರಿಯಾಯ್ತು," ಅವನ ದನಿಯೂ ಕೀರಲು.

ಅವಳ ಕೈ ಗುಂಡಿಯ ಮೇಲೆಯೇ ಇತ್ತು.

"ಆ ಮೆಷಿನ್ನು ಕರೆಂಟಿನ ಲೆಕ್ಕಕ್ಕೆ ತಿರುಗೋದು," ಅವನು ಮೆಲ್ಲಗೆ ಹೇಳಿದ. "ಜನರೇಟರ್ ನಿಧಾನ ಆದ್ರೆ ಟೇಪೂ ನಿಧಾನ. ಪಟ್ಟಣದ ಕರೆಂಟಲ್ಲಿ ಹಾಕಿದ್ರೆ ಓಡುತ್ತೆ. ನಾವು ಆವತ್ತು ಹಾಕಿ ಕೇಳಿದ್ದು ಅದೇ ನಿಧಾನದ ಕರೆಂಟಲ್ಲಿ. ಅದಕ್ಕೇ ಗೊತ್ತಾಗ್ಲಿಲ್ಲ. ಈಗ ಈ ಎರಡು ಮಾತೂ ಒಂದೇ ದನಿಗೆ ಬರೋವರೆಗೆ ನಿಧಾನ ಮಾಡಿದೆ."

"ನಾನೇ..." ಅವಳು ಟೇಪು ನಿಲ್ಲಿಸಿದಳು. "ನಾನೇ ಇಳಿಸಿದ್ದು."

"ನಾನೂ ಜಾಣೆ ಅಂದೆನಲ್ಲ. ಟೇಪು ಗೊತ್ತಿದ್ದವನು ನಾನು. ಹೊಳೀಬೇಕಿತ್ತು."

ಹೊರಗೆ ಯಾರೋ ಮೋಟರು ಸಿದ್ಧವಾಯಿತೇ ಎಂದು ಕೇಳಿ, ಉತ್ತರ ಸಿಗದೆ ಹೋದರು.

ಅವಳು ತಿರುಗಿದಳು. ಕಣ್ಣಲ್ಲಿ ನೀರಿತ್ತು, ಆದರೆ ಸಿಟ್ಟು ಇಳಿದಿರಲಿಲ್ಲ. ದಾರಿ ಬದಲಿಸಿತ್ತು ಅಷ್ಟೇ.

"ಇದನ್ನ ಯಾಕೆ ಮುಚ್ಚಿಟ್ಟೆ?"

"ಇಷ್ಟು ವರ್ಷ ನನ್ನ ಮೇಲೆ ಇಟ್ಕೊಂಡಿದ್ದ ಸಿಟ್ಟನ್ನ ನಿನ್ನ ಮೇಲೇ ತಿರುಗಿಸೋದಾ? ನೋವಾಗುತ್ತೆ ಅಂತ..."

"ನನ್ನ ಸಿಟ್ಟು ಯಾರ ಮೇಲಿರ್ಬೇಕು ಅಂತ ತೀರ್ಮಾನ ಮಾಡೋಕೆ ನೀನ್ಯಾರೋ? ನಾನೇನು ಗಾಜಿನ ಲೋಟನಾ? ದಿನಾ ಬೆಳಿಗ್ಗೆ ನೂರು ಗಂಡಸರ ಮುಂದೆ ನಿಂತು ಕೂಗೋಳು ನಾನು!"

"ಕೂಗೋದು ಬಿಟ್ರೆ ನಿನಗೇನು ಬರುತ್ತೆ?!"

ಅವನು ಎದ್ದು ನಿಂತಿದ್ದ. ಅವನು ದನಿ ಎತ್ತಿದ್ದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

"ನನಗೂ ಸಿಟ್ಟಿದೆ ಕಣೇ! ನಿನಗೊಬ್ಬಳಿಗೇನಾ? ನೆಂಟರ ಮುಂದೆ ಮಾರ್ಕೊಂಡೋನು ಅಂದೆ. ಆಮೇಲೆ ಒಬ್ಬನಾದ್ರೂ ನನ್ನ ಕೈಗೆ ಟೇಪು ಕೊಟ್ನಾ? ಮೋಟರು ಸುತ್ಕೊಂಡು ಕೂತೆ. ಅದು ಹಾಳಾಗ್ಲಿ. ಎದುರಿಗೆ ಕೂತು ನಾನು ಕೇಳಿದ ದನಿ ಒಂದು, ಕ್ಯಾಸೆಟ್ಟಲ್ಲಿ ಬಂದದ್ದು ಇನ್ನೊಂದು. ನಾನು ಕೇಳಿದ್ದೇ ಸುಳ್ಳೇನೋ, ಪ್ರೀತಿಗೆ ಕಿವಿ ಕೆಟ್ಟಿತ್ತೇನೋ ಅಂತ ಅನುಮಾನ ಬರೋಕೆ ಶುರುವಾಯ್ತು. ಅದಕ್ಕೇ ಆ ಟೇಪು ಬೇಕಿತ್ತು ನನಗೆ!"

ಅವಳು ಮೆಷಿನ್ನಿನ ಕಡೆ ತಿರುಗಿದಳು.

"ಸುಳ್ಳಲ್ಲ," ಅವನು ಉಸಿರು ಬಿಟ್ಟ. "ಅದೇ ದನಿ. ಸಿಕ್ಕಿದ ದಿನ ಇಲ್ಲೇ ಕೂತು ಅತ್ತುಬಿಟ್ಟೆ."

ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಆ ಮಾತೂ ಹಾಕು," ಎಂದಳು.

"ಯಾವ ಮಾತು?"

"ನಾನು ಇಳಿಸಿ ಬರ್ತೀನಿ ಅಂದದ್ದು. ಹೆಜ್ಜೆ ಸದ್ದು, ನಿನ್ನ ಸಿಳ್ಳೆ, ಎಲ್ಲ. ಹಾಡಿನ ಜೊತೆಗೇ ಹಾಕು. ಕೆಡಿಸಿದ್ದು ನೀನಲ್ಲ ಅಂತ ಊರಿಗೆ ಗೊತ್ತಾಗ್ಲಿ."

"ಹಾಕಲ್ಲ. ನಿನ್ನನ್ನ ಮತ್ತೆ ಆಡ್ಕೋತಾರೆ."

"ಆಡ್ಕೊಳ್ಳಲಿ. ಈ ಸಲ ನಾನು ಓಡಿಹೋಗಲ್ಲ. ಹಾಡು ಇಟ್ಟು ಮಾತು ಬಿಡ್ತೀಯಾದ್ರೆ ಎರಡೂ ತೆಗಿ!"

ಅವನು ಅವಳನ್ನೇ ನೋಡಿದ. ಆ ಹಟ ಅವನಿಗೆ ಹೊಸದಲ್ಲ. ಮೆಷಿನ್ನಿನ ಪಕ್ಕದಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತ. ಕೆಲಸಕ್ಕೆ ಹೊತ್ತು ಹಿಡಿಯಿತು. ಅವಳು ಎದ್ದು ಹೋಗಲಿಲ್ಲ. ಕತ್ತರಿಸುವ ಜಾಗ, ಅಂಟಿಸುವ ಜಾಗ ಎಲ್ಲಕ್ಕೂ ಒಂದೊಂದು ತಕರಾರು ತೆಗೆದಳು. ಅವನು ಗೊಣಗುತ್ತ, ಅವಳು ಹೇಳಿದಂತೆಯೇ ಮಾಡಿದ.

"ಹಾಕಾಯ್ತು. ಈಗ ಎಲ್ಲರೂ ಕೇಳ್ತಾರೆ," ಎಂದ ಕೊನೆಗೆ.

"ಕೇಳ್ಲಿ."

"ಇನ್ನು ನನ್ನ ಮೇಲಿನ ಸಿಟ್ಟು ಹೋಗುತ್ತಲ್ಲ?"

ಅವಳು ಬಾಗಿಲ ಹೊರಗಿನ ಬಿಸಿಲನ್ನು ನೋಡಿದಳು.

"ಅದೊಂದು ಬಿಟ್ರೆ ನಿನ್ನದು ಅಂತ ನನ್ನ ಹತ್ರ ಬೇರೇನೂ ಉಳಿದಿರ್ಲಿಲ್ಲ ಕಣೋ... ಅದಕ್ಕೇ ಇಷ್ಟು ವರ್ಷ ಬಿಡ್ಲಿಲ್ಲ."

ಅವನ ಕೈ ಮೇಜಿನ ಮೇಲೆ ನಿಂತಿತು. ಗ್ರೀಸು ಮೆತ್ತಿದ ಕೈ. ಅವಳು ಅದರ ಮೇಲೆ ತನ್ನ ಕೈ ಇಟ್ಟಳು. ಅವನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದ.

"ಕೊಳೆ ಆಗುತ್ತೆ..."

"ಆಗ್ಲಿ. ಅಲುಗಾಡ್ಬೇಡ."

ಅವನು ಕೈಯನ್ನು ಅಲ್ಲೇ ಬಿಟ್ಟ.

"ನಾಳೆ ಮಾರುಕಟ್ಟೆಗೆ ರಜೆ. ಇನ್ನೂ ತುಂಬ ಬೈಯೋದಿದೆ."

"ಬೆಳಿಗ್ಗೆನೇ ಬಾ. ನನ್ನದೂ ಸ್ವಲ್ಪ ಬಾಕಿ ಇದೆ."

"ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ."

"ಎಷ್ಟಾದ್ರೂ ಆಗ್ಲಿ," ಎಂದ ಅವನು. "ಅಡುಗೆ ಇಬ್ಬರಿಗೆ ಮಾಡ್ತೀನಿ."