ಕಹಳೆ ಹೇಳದೇ ಹೋದ ಮಾತು

ಪಕ್ಷದ ಕಚೇರಿಯ ಮೈಕ್ ಕೋಣೆಯ ಬಾಗಿಲು ತೆರೆದಾಗ ಕಹಳೆ ಮೇಜಿನ ಪಕ್ಕ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು.

ಬೀಗ ತೆಗೆದವನು ಪಕ್ಷದ ನಗರ ಘಟಕದ ಅಧ್ಯಕ್ಷ. ಒಳಗೆ ಮೊದಲು ಕಾಲಿಟ್ಟವನೂ ಅವನೇ. "ತಮ್ಮಾ" ಎಂದು ಒಮ್ಮೆ ಕೂಗಿ ಮೇಜಿನ ಮೇಲೆ ಕುಸಿದ. ಆಂಪ್ಲಿಫೈಯರನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಕಾರ್ಯಕರ್ತರು ಅವನನ್ನು ಎಬ್ಬಿಸಿ ಹೊರಗೆ ಕೂರಿಸುವ ಹೊತ್ತಿಗೆ ಇನ್‌ಸ್ಪೆಕ್ಟರಮ್ಮನ ಜೀಪು ಬಂತು.

ಕೋಣೆ ಚಿಕ್ಕದು. ಸದ್ದು ಒಳಬರದಿರಲೆಂದು ಕಿಟಕಿಗೆ ರಟ್ಟು ಬಡಿದಿದ್ದರು. ಒಂದು ಮೂಲೆಯಲ್ಲಿ ಬಾವುಟದ ಕಟ್ಟುಗಳು, ಇನ್ನೊಂದು ಮೂಲೆಯಲ್ಲಿ ಮಡಚುವ ಕುರ್ಚಿಗಳು. ಆಂಪ್ಲಿಫೈಯರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಹೆಣದ ಕಾಲ ಬಳಿ ಮೈಕ್ ಸ್ಟ್ಯಾಂಡಿನ ಕಬ್ಬಿಣದ ಬುಡ ಬಿದ್ದಿತ್ತು. ಅದರ ಅಂಚಿಗೆ ರಕ್ತ ಮೆತ್ತಿತ್ತು.

ಇನ್‌ಸ್ಪೆಕ್ಟರಮ್ಮ ಬಗ್ಗಿ ಹೆಣದ ಮುಖ ನೋಡಿದಳು. ಅವತ್ತು ಬೆಳಿಗ್ಗೆ ತಾನೇ ಈತ ಅವಳ ಮುಂದೆ ಕೆಮ್ಮುತ್ತ ನಿಂತಿದ್ದ. ಸಂಜೆಯ ಸಭೆಗೆ ಅನುಮತಿ ಕೇಳಲು ಠಾಣೆಗೆ ಬಂದಿದ್ದ. ಶಾಲಾ ಮೈದಾನದ ಗೋಡೆ ವಾಲಿದೆ, ಅಲ್ಲಿ ಜನ ಸೇರಿಸುವಂತಿಲ್ಲ, ಹಳೇ ಬಸ್ ನಿಲ್ದಾಣದ ಬಯಲಿಗೆ ಹಾಕಿಕೊಳ್ಳಿ ಎಂದು ಆಕೆ ಅವನಿಗೇ ಹೇಳಿ ಕಳಿಸಿದ್ದಳು. ಆಮೇಲೆ ರಾಜ್ಯ ನಾಯಕರು ಬರುವ ದಾರಿಯ ಬಂದೋಬಸ್ತಿಗೆಂದು ಊರಾಚೆ ಹೋದವಳು ಈಗಲೇ ವಾಪಸ್ಸು ಬಂದದ್ದು.

ಅವನ ನಿಜವಾದ ಹೆಸರು ಊರಿಗೆ ಮರೆತೇ ಹೋಗಿತ್ತು, ಎಲ್ಲರಿಗೂ ಅವನು ಕಹಳೆಯೇ. ಕಚೇರಿಯ ಮಾಳಿಗೆಯ ಮೇಲಿನ ನಾಲ್ಕು ಹಾರ್ನ್‌ಗಳಿಂದ ಮೂವತ್ತು ವರ್ಷ ಪಕ್ಷದ ಪರವಾಗಿ ಕೂಗಿದವನು. ಎಷ್ಟೋ ಜನರನ್ನು ಕೂಗಿ ಕೂಗಿ ಗೆಲ್ಲಿಸಿದ. ಗೆದ್ದವರು ಕಾರು ಹತ್ತಿ ರಾಜಧಾನಿಗೆ ಹೋದರು. ಕಹಳೆ ಮಾತ್ರ ಈ ಕೋಣೆ ಬಿಟ್ಟು ಕದಲಲಿಲ್ಲ.

"ಹನ್ನೊಂದರವರೆಗೂ ಬದುಕಿದ್ದ ಮೇಡಂ," ಎಂದ ದಫೇದಾರ. "ಊರಿಗೂರೇ ಸಾಕ್ಷಿ. ಅಲ್ಲೀವರೆಗೂ ಹಾರ್ನ್‌ನಲ್ಲಿ ಇವನ ಧ್ವನಿ ಕೇಳ್ತಿತ್ತು, ನಾನೇ ಕೇಳಿದೀನಿ. ಆಮೇಲೆ ನಿಂತುಹೋಯ್ತು. ಹುಡುಗರು ಬಾವುಟ ತಗೊಳ್ಳೋಕೆ ಬಂದು ತಟ್ಟಿದಾರೆ. ಸದ್ದಿಲ್ಲ. ಎಳೆದ್ರೆ ತಾನೇ ಬೀಗ ಬೀಳೋ ಬಾಗಿಲು. ಅಧ್ಯಕ್ಷರಿಗೆ ಫೋನ್ ಮಾಡಿ ಕರೆಸಿ ತೆಗೆಸಿದ್ರು."

"ಅಧ್ಯಕ್ಷರು ಎಲ್ಲಿದ್ರು?"

"ಅತಿಥಿ ಗೃಹದಲ್ಲಿ. ರಾಜಧಾನಿಯಿಂದ ಪಕ್ಷದ ವೀಕ್ಷಕರು ಬಂದಿದಾರಲ್ಲ, ಅವರ ಜೊತೆ. ಹತ್ತಕ್ಕೆ ಮುಂಚೆ ಹೋದವರು ಫೋನ್ ಬರೋವರೆಗೂ ಎದ್ದಿಲ್ಲ. ನಲವತ್ತು ಜನ ನೋಡಿದಾರೆ."

* * *

ಹೊರಗೆ ಘೋಷಣೆ ಶುರುವಾಗಿತ್ತು. ಗೂಳಿಯನ್ನು ಬಂಧಿಸಿ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದರು.

ಗೂಳಿ ಎದುರು ಪಕ್ಷದ ಆಳು. ಎತ್ತರದ ಮೈಕಟ್ಟು, ಬಾಯಿಗೆ ಬೀಗವಿಲ್ಲ. ಎರಡು ದಿನದ ಹಿಂದೆ ವೃತ್ತದಲ್ಲಿ ನಿಂತು, ಆ ಕಹಳೆ ಊದೋದನ್ನ ನಾನೇ ನಿಲ್ಲಿಸ್ತೀನಿ ಎಂದಿದ್ದ. ಇವತ್ತು ಹನ್ನೊಂದಕ್ಕೆ ಸ್ವಲ್ಪ ಮೊದಲು ಇದೇ ಮೆಟ್ಟಿಲು ಹತ್ತಿದ್ದನ್ನು ಎದುರಿನ ಕಟಿಂಗ್ ಶಾಪಿನವನು ಕಂಡಿದ್ದ. ಜನರಿಗೆ ಇನ್ನೇನು ಬೇಕು?

ಠಾಣೆಯ ಬೆಂಚಿನ ಮೇಲೆ ಗೂಳಿ ತಲೆ ತಗ್ಗಿಸಿ ಕೂತಿದ್ದ.

"ಯಾಕೆ ಹೋಗಿದ್ದೆ?"

"ಸೌಂಡ್ ಕಮ್ಮಿ ಮಾಡು ಅನ್ನೋಕೆ. ಕಚೇರಿ ಹಿಂದೇನೇ ನಮ್ಮನೆ. ಅಮ್ಮ ಹಾಸಿಗೆ ಹಿಡಿದು ತಿಂಗಳಾಯ್ತು."

"ವೃತ್ತದಲ್ಲಿ ಅಂದಿದ್ದೇನು?"

"ಅದು ರಾಜಕೀಯ ಮೇಡಂ. ಬೀದೀಲಿ ಬೈತೀವಿ, ಬಾಗಿಲಲ್ಲಿ ಮಾತಾಡ್ತೀವಿ. ಅಮ್ಮಂಗೆ ಹುಷಾರಿಲ್ಲ ಅಂದ್ರೆ ಕಹಳೆ ಎರಡನೇ ಸಲ ಹೇಳಿಸ್ಕೊಳ್ತಿರಲಿಲ್ಲ, ತಕ್ಷಣ ಕಮ್ಮಿ ಮಾಡ್ತಿದ್ದ. ಇವತ್ತು ಬಾಗಿಲು ಮುರಿಯೋ ಹಾಗೆ ಗುದ್ದಿದೆ. ತೆಗೀಲೇ ಇಲ್ಲ. ತನ್ನ ಪಾಡಿಗೆ ಕೂಗ್ತಾನೇ ಇದ್ದ. ಏನಪ್ಪ ಇಷ್ಟು ಸೊಕ್ಕು ಬಂತು ಇವನಿಗೆ ಅಂದ್ಕೊಂಡು ವಾಪಸ್ಸು ಬಂದೆ."

"ನೀನು ಗುದ್ದಿದ ಸದ್ದು ಹಾರ್ನ್‌ನಲ್ಲಿ ಕೇಳಿಸ್ತಾ?"

ಗೂಳಿ ಕಣ್ಣು ಕಿರಿದು ಮಾಡಿ ಯೋಚಿಸಿದ. "ಇಲ್ಲ. ಬಾಗಿಲಿಂದ ಒಂದು ಮಾರು ದೂರ ಇಲ್ಲ ಮೈಕು. ಕೆಮ್ಮಿದ್ರೂ ಊರಿಗೆ ಕೇಳುತ್ತೆ. ಕೇಳಿಸಲಿಲ್ಲ ಮೇಡಂ, ಈಗ ನೀವಂದ ಮೇಲೆ ಅನ್ನಿಸ್ತು."

ದಫೇದಾರ ನಂಬಲಿಲ್ಲ. "ಕಹಳೆ ಬಾಗಿಲು ತೆಗೆದಿರ್ತಾನೆ, ಇವನು ಹೊಡೆದು ಬಾಗಿಲು ಎಳ್ಕೊಂಡು ಬಂದಿರ್ತಾನೆ. ಎಫ್‌ಐಆರ್‌ನಲ್ಲಿ ಹೆಸರು ಹಾಕಿಬಿಡೋಣ. ಮೇಲಿಂದ ಎರಡು ಸಲ ಫೋನ್ ಬಂತು."

"ಮೇಲಿನವರಿಗೆ ನೆಲ ಕಾಣಲ್ಲ ದಫೇದಾರ್ರೇ," ಎಂದು ಆಕೆ ಟೋಪಿ ಎತ್ತಿಕೊಂಡಳು.

* * *

ಕಹಳೆಯ ಮನೆ ಗಲ್ಲಿಯ ಕೊನೆಯಲ್ಲಿತ್ತು. ಎರಡು ಕೋಣೆ, ಒಂದು ನಲ್ಲಿ. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅಳು ಅಷ್ಟೊತ್ತಿಗೆ ಮುಗಿದಿತ್ತು.

"ಬೆಳಿಗ್ಗೆ ಠಾಣೆಯಿಂದ ಬಂದ್ರು. ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಬಿಸಿನೀರಿಗೆ ಉಪ್ಪು ಹಾಕಿಕೊಟ್ಟೆ, ಮುಕ್ಕಳಿಸಿದ್ರು. ಇವತ್ತೊಂದು ದಿನ ಬೇರೆಯವರು ಕೂಗಲಿ ಅಂದೆ. ಇವತ್ತೇ ಬೇರೆಯವರು ಕೂಗಿದ್ರೆ ಹೇಗೆ, ಅಣ್ಣನ ಹೆಸರು ಘೋಷಣೆ ಆಗೋ ದಿನ ಅಂದ್ರು."

"ಅಣ್ಣ ಅಂದ್ರೆ?"

"ಅಧ್ಯಕ್ಷರು. ಇಬ್ರೂ ಒಂದೇ ಬೆಂಚಲ್ಲಿ ಓದಿದವರು. ಈ ಸಲ ಶಾಸಕರ ಟಿಕೆಟ್ ಅವರಿಗೇ ಅಂತ ಇವರು ಊರೆಲ್ಲ ಹೇಳ್ಕೊಂಡು ಬಂದಿದ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂಬತ್ತರ ಮೇಲೆ ಹೋದ್ರು. ಸ್ವಲ್ಪ ಹೊತ್ತಿಗೆ ಹಾರ್ನ್ ಶುರುವಾಯ್ತು. ನಾನು ಅಕ್ಕಿ ಆರಿಸ್ತಾ ಕೂತಿದ್ದೆ. ಧ್ವನಿ ಎಷ್ಟು ಸ್ವಚ್ಛ ಇತ್ತು ಗೊತ್ತಾ? ಉಪ್ಪುನೀರು ಕೆಲಸ ಮಾಡ್ತಲ್ಲ ಅಂತ ಸಂತೋಷ ಪಟ್ಕೊಂಡೆ."

ಕಟ್ಟಿದ ಗಂಟಲು ಒಂದು ಲೋಟ ಉಪ್ಪುನೀರಿಗೆ ಬಿಡುವುದಿಲ್ಲ. ಅದು ಇನ್‌ಸ್ಪೆಕ್ಟರಮ್ಮನಿಗೆ ಗೊತ್ತಿತ್ತು. ಆದರೆ ಹೇಳುವ ಹೊತ್ತು ಅದಾಗಿರಲಿಲ್ಲ.

* * *

ಶಾಲಾ ಮೈದಾನದ ಗೇಟಿನಲ್ಲಿ ನೂಕುನುಗ್ಗಲು. ಸಭೆ ಇಲ್ಲಿ ಇಲ್ಲ ಎಂದರೂ ಜನ ಕದಲುತ್ತಿಲ್ಲ ಎಂದು ಅಲ್ಲಿನ ಪೇದೆ ಫೋನು ಮಾಡಿದ್ದ.

ಕೊಡೆ ಹಿಡಿದ ಒಬ್ಬ ಮುದುಕಿ ಇನ್‌ಸ್ಪೆಕ್ಟರಮ್ಮನಿಗೇ ದಬಾಯಿಸಿದಳು. "ಇಲ್ಲೇ ಅಂತ ಹೇಳಿದ್ದು ಕೇಳಿಸ್ಕೊಂಡೇ ಬಂದಿದೀನಿ ತಾಯಿ. ನನ್ನ ಕಿವಿ ಇನ್ನೂ ಕೆಟ್ಟಿಲ್ಲ."

"ಯಾರು ಹೇಳಿದ್ದು ಅಜ್ಜಿ?"

"ಇನ್ಯಾರು, ಕಹಳೆ. ಸಂಜೆ ನಾಲ್ಕಕ್ಕೆ ಶಾಲಾ ಮೈದಾನಕ್ಕೆ ಬನ್ನಿ ಅಂತ ಬೆಳಿಗ್ಗೆಯೆಲ್ಲ ಬಡ್ಕೊಂಡಿದ್ದೇ ಬಡ್ಕೊಂಡಿದ್ದು."

ಸುತ್ತ ನಿಂತವರೂ ಹೌದೆಂದರು. ಇನ್‌ಸ್ಪೆಕ್ಟರಮ್ಮ ದಫೇದಾರನ ಕಡೆ ತಿರುಗಿದಳು. ಅವನು ತಲೆ ಕೆರೆದುಕೊಂಡ.

"ದಿನಾ ಕೇಳೋ ಧ್ವನಿ ಮೇಡಂ. ಕೂಗ್ತಿದಾನೆ ಅಂತ ಗೊತ್ತಾಗುತ್ತೆ, ಏನು ಕೂಗ್ತಿದಾನೆ ಅಂತ ಯಾರು ಗಮನ ಕೊಡ್ತಾರೆ? ಆದ್ರೆ ಹೌದು, ಶಾಲಾ ಮೈದಾನ ಅಂತಲೇ ಅಂದಿದ್ದು."

"ಜಾಗ ಬದಲಾಗಿದೆ ಅಂತ ಅವನಿಗೆ ನಾನೇ ಹೇಳಿದ್ದೆ. ಎರಡು ಸಲ ಹೇಳಿದ್ದೆ. ಹೋದ ತಕ್ಷಣ ಸರಿ ಮಾಡಿ ಕೂಗ್ತೀನಿ ಅಂದಿದ್ದ." ಆಕೆ ವಾಲಿದ ಗೋಡೆಯನ್ನೇ ನೋಡುತ್ತ ನಿಂತಳು. "ಇವನ ಧ್ವನಿ ಎಲ್ಲಾದ್ರೂ ರೆಕಾರ್ಡ್ ಆಗಿದೆಯಾ?"

"ಹಳ್ಳಿ ಜೀಪುಗಳಿಗೆ ಅಂತ ಹೋದ ವಾರ ಮಾಡಿಸಿದ್ರು. ಒಂದು ಗಂಟೆಗೂ ಜಾಸ್ತಿ ಇದೆ. ಕಹಳೆಗೆ ಇಷ್ಟವೇ ಇರಲಿಲ್ಲ, ಡಬ್ಬದಲ್ಲಿ ಹಾಕಿದ ಮಾತು ಹಳಸುತ್ತೆ ಅಂತಿದ್ದ. ಅಧ್ಯಕ್ಷರೇ ಹಟ ಹಿಡಿದು ಮಾಡಿಸಿದ್ದು."

ಆಕೆ ಜೀಪು ಹತ್ತಿದಳು.

* * *

ವೀಕ್ಷಕರು ಅತಿಥಿ ಗೃಹದ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಇಸ್ತ್ರಿ ಮುದುಡದ ಮನುಷ್ಯ. ಸಾವಿಗಿಂತ ಸಂಜೆಯ ಸಭೆಯ ಚಿಂತೆ ಅವರಿಗೆ ಹೆಚ್ಚಾಗಿತ್ತು.

"ಹತ್ತರ ಮೇಲೆ ನಿಮ್ಮ ಪೇದೆ ಬಂದು ಜಾಗ ಬದಲಾಗಿದೆ ಅಂತ ಆದೇಶ ಕೊಟ್ಟ. ಅದೇ ಹೊತ್ತಿಗೆ ಹಾರ್ನ್‌ನಲ್ಲಿ ಹಳೇ ಜಾಗಾನೇ ಕೂಗ್ತಿತ್ತು. ಇದೇನ್ರೀ ಇದು ಅಂದೆ. ಇಬ್ಬರು ಹುಡುಗರು ಓಡಿಹೋಗಿ ಹೇಳಿ ಬರ್ತೀವಿ ಅಂತ ಎದ್ರು. ಅಧ್ಯಕ್ಷರು ಕೂರಿಸಿದ್ರು. ಫೋನ್ ಹಿಡ್ಕೊಂಡು ಆಚೆ ಹೋಗಿ ಬಂದು, ಕಹಳೆ ಜೊತೆ ಮಾತಾಡಿದೆ, ಸರಿ ಮಾಡ್ತಾನೆ ಅಂದ್ರು."

"ಸರಿ ಮಾಡಿದ್ನಾ?"

"ಎಲ್ಲಿ? ಕೊನೇವರೆಗೂ ಅದನ್ನೇ ಕೂಗಿದ."

"ಇವತ್ತು ಘೋಷಣೆ ಆಗಬೇಕಿದ್ದದ್ದು ಅಧ್ಯಕ್ಷರ ಹೆಸರೇ ತಾನೇ?"

ವೀಕ್ಷಕರು ಉಗುರು ನೋಡಿಕೊಂಡರು. "ಈಗ ಮುಚ್ಚಿಟ್ಟು ಏನಾಗಬೇಕು? ನಾವು ಮನೆಮನೆಗೆ ಜನ ಕಳಿಸಿ ಕೇಳಿಸಿದ್ವಿ. ಅಧ್ಯಕ್ಷರು ಯಾರು ಅಂದ್ರೆ ಅರ್ಧ ಊರಿಗೆ ಗೊತ್ತಿಲ್ಲ. ಕಹಳೆ ಅಂದ್ರೆ ತೊಟ್ಟಿಲ ಮಗೂಗೂ ಗೊತ್ತು. ಟಿಕೆಟ್ ಕಹಳೆಗೆ ಅಂತ ಮೇಲೆ ತೀರ್ಮಾನ ಆಗಿತ್ತು."

"ಯಾರಿಗೆ ಗೊತ್ತಿತ್ತು?"

"ನಿನ್ನೆ ಸಂಜೆ ಅಧ್ಯಕ್ಷರೊಬ್ಬರಿಗೇ ಹೇಳಿದೆ. ವೇದಿಕೆ ಮೇಲೆ ನೀವೇ ಘೋಷಿಸಿ, ದೊಡ್ಡತನ ಕಾಣುತ್ತೆ ಅಂದೆ. ನಗ್ತಾನೇ ಒಪ್ಪಿಕೊಂಡ್ರು."

* * *

ಅಧ್ಯಕ್ಷ ಅತಿಥಿ ಗೃಹದ ಒಳಗಿನ ಹಾಲಿನಲ್ಲೇ ಇದ್ದ. ಸುತ್ತ ಸಮಾಧಾನ ಹೇಳುವವರ ಗುಂಪು. ಇನ್‌ಸ್ಪೆಕ್ಟರಮ್ಮ ವೀಕ್ಷಕರನ್ನೊಬ್ಬರನ್ನು ಉಳಿಸಿಕೊಂಡು ಉಳಿದವರನ್ನು ಹೊರಗೆ ಕಳಿಸಿದಳು. ದಫೇದಾರ ಬಾಗಿಲಿಗೆ ಅಡ್ಡ ನಿಂತ.

"ಗೂಳಿ ಒಪ್ಪಿಕೊಂಡನಾ ಮೇಡಂ?"

"ನಿಮ್ಮ ಫೋನ್ ಕೊಡಿ."

"ಯಾಕೆ?"

"ಹತ್ತರ ಮೇಲೆ ಕಹಳೆ ಜೊತೆ ಮಾತಾಡಿದೆ ಅಂದ್ರಂತೆ. ಕಹಳೆ ಫೋನ್ ಅವನ ಜೇಬಲ್ಲೇ ಇತ್ತು. ಅದರಲ್ಲಿ ನಿಮ್ಮ ಕರೆ ಇಲ್ಲ. ನಿಮ್ಮದರಲ್ಲಾದ್ರೂ ಇದೆಯಾ ಅಂತ ನೋಡೋಣ."

ಅಧ್ಯಕ್ಷ ಕೈ ಚಾಚಲಿಲ್ಲ.

"ಬೆಳಿಗ್ಗೆ ಇಡೀ ಕೂಗಿದ್ದು ಕಹಳೆಯಲ್ಲ. ಹೋದ ವಾರ ನೀವು ಮಾಡಿಸಿದ ರೆಕಾರ್ಡು. ಅವನಿಗೆ ಗಂಟಲು ಕಟ್ಟಿತ್ತು, ಕೂಗಿದ ಧ್ವನಿ ಗಂಟೆ ಬಾರಿಸಿದ ಹಾಗಿತ್ತು. ಗೂಳಿ ಬಾಗಿಲು ಗುದ್ದಿದ, ಆ ಸದ್ದು ಹಾರ್ನ್‌ಗೆ ಬರಲೇ ಇಲ್ಲ. ಅಂದ್ರೆ ಮೈಕ್ ಆನ್ ಆಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಜಾಗ ಬದಲಾಗಿದೆ ಅಂತ ನನ್ನ ಬಾಯಿಂದಲೇ ಕೇಳಿಸ್ಕೊಂಡು ಹೋದವನು ಹಳೇ ಜಾಗ ಕೂಗೋಕೆ ಸಾಧ್ಯವೇ ಇಲ್ಲ. ನೀವು ಇಲ್ಲಿ ಕೂತಿದ್ದಾಗ ಅವನು ಬದುಕಿದ್ದ ಅಂತ ಊರು ನಂಬಲಿ ಅಂತ ಯಾರೋ ಅದನ್ನ ಹಾಕಿದ್ರು."

"ಯಾರಾದ್ರೂ ಹಾಕಿರಬಹುದು."

"ಹಾಕಿದವರು ಬೇರೆ ಆಗಿದ್ರೆ ನೀವು ಹುಡುಗರನ್ನ ಯಾಕೆ ತಡೆದ್ರಿ? ಮಾಡದ ಫೋನ್ ಮಾಡಿದೆ ಅಂತ ಯಾಕೆ ಹೇಳಿದ್ರಿ? ಆ ಕೋಣೇಲಿ ಉತ್ತರ ಕೊಡೋರು ಯಾರೂ ಇಲ್ಲ ಅಂತ ಈ ಊರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು." ಆಕೆ ಒಂದು ಹೆಜ್ಜೆ ಹತ್ತಿರ ಬಂದಳು. "ಗೆಳೆಯನ ಹೆಣ ಕಂಡವರು ಹೆಣದ ಮೇಲೆ ಬೀಳ್ತಾರೆ. ನೀವು ಆಂಪ್ಲಿಫೈಯರ್ ಮೇಲೆ ಬಿದ್ರಿ. ಅದರಲ್ಲಿದ್ದ ಪೆನ್‌ಡ್ರೈವ್ ಕಿತ್ಕೊಳ್ಳೋಕೆ. ಅವಾಗಿಂದ ಜನ ನಿಮ್ಮನ್ನ ಒಂದು ಗಳಿಗೆ ಒಂಟಿಯಾಗಿ ಬಿಟ್ಟಿಲ್ಲ."

ಅಧ್ಯಕ್ಷನ ಕೈ ತನಗೆ ತಾನೇ ಜುಬ್ಬಾದ ಬಲಗಡೆಯ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ. ದಫೇದಾರ ಬಂದು ಆ ಜೇಬಿಗೆ ಕೈ ಹಾಕಿದ. ಬೆರಳುದ್ದದ ಕರಿ ಪೆನ್‌ಡ್ರೈವ್ ಹೊರಬಂತು.

ಅಧ್ಯಕ್ಷ ನೆಲ ನೋಡುತ್ತಲೇ ಮಾತಾಡಿದ. ಧ್ವನಿ ತಣ್ಣಗಿತ್ತು.

"ಪಕ್ಷ ಕಟ್ಟಿದ್ದು ನಾನು. ಮನೆ ಮಾರಿ ಕಟ್ಟಿದೆ. ಅವನು ಬರೀ ಕೂಗಿದ. ರಾತ್ರಿಯೆಲ್ಲ ನಿದ್ದೆ ಇಲ್ಲ. ಹೇಗಾದ್ರೂ ಮಾಡಿ ಒಪ್ಪಿಸೋಣ, ಬೇಡ ಅಂತ ಅವನೇ ಹೇಳಲಿ ಅಂದ್ಕೊಂಡು ಕಚೇರಿಯ ಹಿತ್ತಲ ಬಾಗಿಲಿಂದ ಹೋಗಿ ಮೈಕ್ ಕೋಣೇಲಿ ಕಾಯ್ತಾ ಕೂತಿದ್ದೆ. ಕೊಲ್ಲೋಕೆ ಅಂತ ಹೋಗಿರಲಿಲ್ಲ."

"ಮತ್ತೆ?"

"ಬಂದ. ಬಂದವನೇ ಹೆಗಲ ಮೇಲೆ ಕೈಯಿಟ್ಟ. ನಿಂಗೊಂದು ವಿಷಯ ಹೇಳ್ಬೇಕು ಕಣೋ, ಬೇಜಾರು ಮಾಡ್ಕೋಬೇಡ ಅಂದ. ಇವನಿಗೂ ಗೊತ್ತಾಗಿದೆ, ನನ್ನ ಮೇಲೆ ಕನಿಕರ ತೋರಿಸ್ತಿದಾನೆ ಅನ್ನಿಸ್ತು. ಟಿಕೆಟ್ ಹೋದ್ರೆ ತಡ್ಕೊಳ್ತಿದ್ದೆ. ಅವನ ಕನಿಕರ ತಡ್ಕೊಳ್ಳೋಕೆ ಆಗಲಿಲ್ಲ. ಮೈಕ್ ಆನ್ ಮಾಡೋಕೆ ತಿರುಗಿದ. ಕೈಗೆ ಸಿಕ್ಕಿದ್ದು ಎತ್ತಿಕೊಂಡೆ."

"ಅವನಿಗೆ ಟಿಕೆಟ್ ವಿಷಯ ಗೊತ್ತೇ ಇರಲಿಲ್ಲ," ಎಂದಳು ಇನ್‌ಸ್ಪೆಕ್ಟರಮ್ಮ.

ಅಧ್ಯಕ್ಷ ತಲೆ ಎತ್ತಿದ.

"ಶಾಲಾ ಮೈದಾನವೇ ಬೇಕು ಅಂತ ನೀವು ಹಟ ಹಿಡಿದಿದ್ರಂತೆ. ಅದು ಸಿಗಲಿಲ್ಲ ಅಂದ್ರೆ ಅಣ್ಣ ಬೇಜಾರು ಮಾಡ್ಕೊಳ್ತಾನೆ, ಹೇಗೆ ಹೇಳೋದು ಅಂತ ನನ್ನ ಎದುರಲ್ಲೇ ಪೇಚಾಡಿದ. ನಿಮಗೆ ಹೇಳೋಕೆ ಬಂದಿದ್ದು ಅಷ್ಟೇ. ಸಭೆ ಜಾಗ ಬದಲಾಗಿದೆ ಅಂತ."

ದಫೇದಾರ ಕೈಕೋಳ ಹಾಕುವಾಗ ಅಧ್ಯಕ್ಷನ ಕೈ ಎರಡೂ ತಾವಾಗಿಯೇ ಮುಂದೆ ಬಂದವು.

ವೀಕ್ಷಕರು ಗಡಿಯಾರ ನೋಡಿಕೊಂಡು ಫೋನು ಕಿವಿಗಿಟ್ಟರು.

* * *

ಸಭೆ ನಡೆಯಿತು. ರಾಜ್ಯ ನಾಯಕರು ಬಂದರು. ಒಂದು ನಿಮಿಷ ಮೌನ ಆಚರಿಸಿ, ಕಹಳೆಯನ್ನು ಪಕ್ಷದ ಉಸಿರು ಎಂದು ಕರೆದರು. ಆಮೇಲೆ ಅಭ್ಯರ್ಥಿಯ ಹೆಸರು ಹೇಳಿದರು. ಪಕ್ಷ ಸೇರಿ ವರ್ಷ ತುಂಬದ ಒಬ್ಬ ಕಟ್ಟಡ ಗುತ್ತಿಗೆದಾರ. ಬಯಲು ತುಂಬ ಚಪ್ಪಾಳೆ ಬಿತ್ತು. ಬೆಳಿಗ್ಗೆಯಿಂದ ಗೂಳಿಯನ್ನು ಬಂಧಿಸಿ ಎಂದು ಕೂಗಿದವರೇ ಮುಂದಿನ ಸಾಲಿನಲ್ಲಿ ನಿಂತು ಜೈಕಾರ ಹಾಕಿದರು.

ಇನ್‌ಸ್ಪೆಕ್ಟರಮ್ಮ ಸಭೆ ಮುಗಿಯುವ ಮೊದಲೇ ಗಲ್ಲಿಯ ಕೊನೆಯ ಮನೆಗೆ ಹೋದಳು. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ತಾನೇ ಹೇಳುವುದು ಮೇಲು ಅನ್ನಿಸಿತ್ತು. ಎಲ್ಲವನ್ನೂ ಹೇಳಿದಳು. ಯಾರು, ಹೇಗೆ, ಯಾಕೆ. ಟಿಕೆಟ್ ಯಾರ ಹೆಸರಿಗೆ ಬಂದಿತ್ತು ಎಂಬುದನ್ನೂ.

ಹೆಂಡತಿ ಕೊನೆಗೆ ಒಂದೇ ಮಾತು ಕೇಳಿದಳು.

"ಇವರಿಗೆ ಗೊತ್ತಾಗಲೇ ಇಲ್ವಾ? ಟಿಕೆಟ್ ತನಗೆ ಬಂದಿದೆ ಅಂತ?"

"ಇಲ್ಲ."

"ಗೊತ್ತಾಗಿದ್ರೂ ಅಷ್ಟೇ ಮೇಡಂ," ಎಂದಳು. "ನನಗೆ ಹೇಳೋಕೂ ಮೊದಲು ಓಡಿಹೋಗಿ ಅವನಿಗೇ ಹೇಳ್ತಿದ್ರು."