ದತ್ತಗ ಕೊಟ್ಟ ಕೂಸು

1991ನೇ ಇಸವಿ, ಮಾರ್ಚ್ ಒಂದು, ಶುಕ್ರವಾರ. ಹೋಳಿ ಹುಣ್ಣಿಮೆಯ ಮಾರನೇ ದಿನ. ಅಫಜಲಪುರ ಪೊಲೀಸ್ ಠಾಣೆಯ ಬಾಗಿಲು ತೆಗೆಯುವ ಹೊತ್ತಿಗೇ ಒಬ್ಬ ಹೆಣ್ಣುಮಗಳು ಬಂದು ನಿಂತಿದ್ದಳು. ಹೆಸರು ಮಲ್ಕಮ್ಮ. ಜೇವರ್ಗಿ ತಾಲ್ಲೂಕಿನವಳು, ರಸ್ತೆ ಕೆಲಸದ ಕೂಲಿ. ಹೆಡ್ ಕಾನ್‌ಸ್ಟೇಬಲ್ ವ್ಯಂಕಟೇಶ ಅವಳ ಮಾತನ್ನು ಅರ್ಧ ಕೇಳಿ, ಉಳಿದರ್ಧ ತಾನೇ ಊಹಿಸಿ, 'ದತ್ತು ಕೊಟ್ಟ ಮಗುವನ್ನು ವಾಪಸು ಕೇಳುತ್ತಿದ್ದಾಳೆ, ಸಿವಿಲ್ ವ್ಯವಹಾರ' ಎಂದು ಬರೆದು ಕೋರ್ಟಿನ ದಾರಿ ತೋರಿಸಿದ. ವ್ಯಂಕಟೇಶ ಕೆಟ್ಟವನಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ, ಅಷ್ಟೇ. ಮಲ್ಕಮ್ಮ ಕೋರ್ಟಿಗೂ ಹೋಗಲಿಲ್ಲ, ಊರಿಗೂ ಹೋಗಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಹತ್ತು ಗಂಟೆಗೆ ಸಬ್ ಇನ್‌ಸ್ಪೆಕ್ಟರ್ ಧರ್ಮಣ್ಣ ಬಂದ. ಆಳಂದ ತಾಲ್ಲೂಕಿನಲ್ಲಿ ಜಿಡಗಾ ಹತ್ತಿರದ ಹಳ್ಳಿಯವನು; ಮಾತು ಕಡಿಮೆ, ಕಿವಿ ಚುರುಕು. ಅವಳನ್ನು ಒಳಗೆ ಕರೆಸಿ ಚಹಾ ಕುಡಿಸಿ ಕೇಳಿದ.

"ಕೂಸಿನ್ನ ಯಾರಿಗೆ ಕೊಟ್ಟಿ ಯವ್ವಾ?"

"ದತ್ತಗ ಕೊಟ್ಟೇನ್ರಿ."

"ದತ್ತು ಕೊಟ್ಟಿಯೋ, ದತ್ತಗ ಕೊಟ್ಟಿಯೋ?"

"ಗಾಣಗಾಪುರದ ದತ್ತಗ್ರಿ, ದೇವ್ರಿಗೆ. ದತ್ತು ಯಾಕ ಕೊಡ್ಲಿ? ನನಗ ಇರೂದೇ ಅದೊಂದು."

ವ್ಯಂಕಟೇಶನ ಕಿವಿಗೆ ಎರಡೂ ಒಂದೇ ಆಗಿ ಕೇಳಿದ್ದವು. ಧರ್ಮಣ್ಣನಿಗೆ ಹಾಗೆ ಕೇಳುವಂತಿರಲಿಲ್ಲ, ಯಾಕೆಂದರೆ ಅವನೂ ಹಾಗೆ ಕೊಟ್ಟು ಕೊಂಡ ಕೂಸೇ. ಹೆತ್ತ ಮಕ್ಕಳು ಒಂದರ ಹಿಂದೊಂದು ಕೈಬಿಟ್ಟು ಹೋದರೆ, ಆಮೇಲೆ ಹುಟ್ಟಿದ್ದನ್ನು ದೇವರಿಗೆ ಕೊಟ್ಟುಬಿಡುವುದು, ಮತ್ತೆ ಒಂದು ಸೇರು ಜೋಳ ಅಳೆದು ಕೊಂಡುಕೊಳ್ಳುವುದು. ಕೂಸು ನನ್ನದಲ್ಲ, ಕೊಂಡದ್ದು ಅಂತ ಸಾವಿಗೆ ಸುಳ್ಳು ಹೇಳುವ ಉಪಾಯ. ಧರ್ಮಣ್ಣನ ಅಪ್ಪ ಮನೆಯಲ್ಲಿ ಬುದ್ಧನ ಪಟ ಹಾಕಿ, ಇನ್ನು ಇವೆಲ್ಲ ಬಂದ್ ಎಂದಿದ್ದ. ಅವ್ವ ಮಾಣಿಕಮ್ಮ ಹೂಂ ಹೂಂ ಎಂದು, ತವರಿಗೆ ಹೋಗುತ್ತೇನೆಂದು ಹೇಳಿ ಗಾಣಗಾಪುರದ ಬಸ್ಸು ಹತ್ತಿದ್ದಳು. ಇಲಾಖೆಯ ಗೆಳೆಯರು ಈಗಲೂ ಅವನನ್ನು ಸೇರು ಜೋಳದ ಸಾಹೇಬ ಎಂದು ಕಾಡುತ್ತಾರೆ.

ಮಲ್ಕಮ್ಮ ಹೇಳಿದ್ದಿಷ್ಟು. ಮೊದಲಿನ ಎರಡು ಕೂಸು ಮಣ್ಣಾದವು. ಮೂರನೆಯದು ಹೆಣ್ಣು, ಎಂಟು ತಿಂಗಳದ್ದು, ಬಲಗಿವಿಯ ಹಿಂದೆ ಹುಣಸೆಬೀಜದಷ್ಟು ಕಪ್ಪು ಮಚ್ಚೆ. ಹೋದ ತಿಂಗಳು ಭಾರತ ಹುಣ್ಣಿಮೆಗೆ ಗಾಣಗಾಪುರಕ್ಕೆ ಒಯ್ದು ದತ್ತನ ಪಾದಕ್ಕೆ ಹಾಕಿದಳು. ಅದೇ ದಿನ ಕೊಂಡು ತರುವವಳಿದ್ದಳು. ಆದರೆ ದತ್ತ ಬಾಲಾಶ್ರಮ ನಡೆಸುವ ಮಥುರಾಬಾಯಿ ನೋಡಿ, ಕೂಸು ಸೊರಗಿದೆ, ಬರುವ ಹುಣ್ಣಿಮೆಯ ತನಕ ದತ್ತನ ನೆರಳಿನಲ್ಲೇ ಇರಲಿ, ಹಾಲು ಔಷಧ ನನ್ನದು ಅಂದಳು. ಎರಡು ಮಕ್ಕಳನ್ನು ಕಳಕೊಂಡ ಜೀವ ಬೇಡ ಅಂದೀತೇ? ನಿನ್ನೆ ಜೋಳ ಕಟ್ಟಿಕೊಂಡು ಹೋದರೆ, ನೀನು ದತ್ತು ಕೊಟ್ಟಿದ್ದಿ, ಕೂಸು ಪರದೇಶಕ್ಕೆ ಹೋಯಿತು ಎಂದು ಮಥುರಾಬಾಯಿ ಬಾಗಿಲು ಮುಚ್ಚಿದಳು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು ಇವಳ ಪಾಡು.

ಧರ್ಮಣ್ಣ ವ್ಯಂಕಟೇಶನ ಷರಾ ಹೊಡೆದುಹಾಕಿಸಿ, ದಂಡ ಸಂಹಿತೆಯ ಅಪಹರಣದ ಕಲಂ 363ರ ಕೆಳಗೆ ಎಫ್‌ಐಆರ್ ದಾಖಲಿಸಿದ. ಮಚ್ಚೆಯ ಮಾತನ್ನು ಬಿಡದೆ ಬರೆಸಿದ. ಪೇದೆ ಮಹಮ್ಮದನನ್ನು ಕರೆದುಕೊಂಡು ಮಧ್ಯಾಹ್ನದೊಳಗೆ ಗಾಣಗಾಪುರ ಮುಟ್ಟಿದ.

ಮಥುರಾಬಾಯಿ ಅರವತ್ತರ ಹತ್ತಿರದ ವಿಧವೆ. ಮುಂಬೈಯಲ್ಲಿ ನರ್ಸ್ ಆಗಿದ್ದು ಬಂದವಳು, ಇಂಗ್ಲಿಷು ನೀರು ಕುಡಿದಷ್ಟು ಸಲೀಸು. ಯಾತ್ರಿಕರು ಗುಡಿಯ ಹತ್ತಿರ ಬಿಟ್ಟುಹೋದ ಕೂಸುಗಳನ್ನು ಎತ್ತಿ ಸಾಕಿದ್ದಳು. ಆಶ್ರಮಕ್ಕೆ ಸರ್ಕಾರದ ಮಾನ್ಯತೆಯಿತ್ತು, ಊರಲ್ಲಿ ಅವಳ ಬಗ್ಗೆ ಒಂದು ಒಡಕು ಮಾತಿರಲಿಲ್ಲ. ಅಂಥವಳ ಎದುರು ಪೊಲೀಸ್ ಟೊಪ್ಪಿಗೆ ಇಟ್ಟುಕೊಂಡು ಕೂಡಲು ಧರ್ಮಣ್ಣನಿಗೇ ಮುಜುಗರವಾಯಿತು.

"ಮಲ್ಕಮ್ಮನ ಕೂಸು ಎಲ್ಲದ ಬಾಯಾರ?"

"ಅದಕ್ಕ ಪದ್ಮಾ ಅಂತ ಹೆಸರಿಟ್ಟಿದ್ವಿ. ಬೆಲ್ಜಿಯಂ ದಂಪತಿ ಒಯ್ದಾರ. ನಿನ್ನೇನೇ ಮುಂಬೈಗೆ ಹೋದ್ರು."

"ಯಾರ ಅಪ್ಪಣಿ?"

"ಗುಲಬರ್ಗಾ ಜಿಲ್ಲಾ ಕೋರ್ಟಿಂದು. ಪಾಸ್‌ಪೋರ್ಟೂ ಆಗ್ಯದ. ಕಾಗದ ಎಲ್ಲಾ ಅವರ ಕಡೇನೇ ಅವ."

ಧರ್ಮಣ್ಣನಿಗೆ ಕಳ್ಳಭಟ್ಟಿ ಗೊತ್ತು, ಬದುವಿನ ಜಗಳ ಗೊತ್ತು, ಎತ್ತಿನ ಕಳ್ಳರ ಹೆಜ್ಜೆ ಗೊತ್ತು. ಪರದೇಶದವರಿಗೆ ಕೂಸು ಕೊಡುವ ಕಾನೂನು ಮಾತ್ರ ತಲೆಬುಡ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ ಯಾಕೆ? ಜೀಪು ನೇರ ಗುಲಬರ್ಗಾಕ್ಕೆ ಹೊರಳಿತು. ಎಸ್ಪಿ ಕಚೇರಿಯಿಂದ ಮುಂಬೈ ಪೊಲೀಸರಿಗೆ ವೈರ್‌ಲೆಸ್ ಸಂದೇಶ ಕಳಿಸಿ, ಸಂಜೆಯೊಳಗೆ ನರಸಿಂಹ ವಕೀಲರ ಮನೆ ಸೇರಿದ. ಜಿಲ್ಲಾ ಕೋರ್ಟಿನಲ್ಲಿ ಇಂಥ ಅರ್ಜಿ ನಡೆಸುವವರು ಅವರೊಬ್ಬರೇ.

ವಕೀಲರು ಕೇಳಿ ನಕ್ಕರು. ಇದು ಅವಸರದಾಗ ಆಗೂ ಕೆಲಸಲ್ಲಪ್ಪ ಎಂದು ಬಿಡಿಸಿ ಹೇಳಿದರು. ನಮ್ಮ ಕಾನೂನಿನಲ್ಲಿ ಪರದೇಶದವರಿಗೆ ನೇರ ದತ್ತು ಕೊಡಲು ಬರುವುದಿಲ್ಲ. ಕೋರ್ಟು ಅವರನ್ನು ಪಾಲಕರೆಂದು ನೇಮಿಸಿ ಕಳಿಸುತ್ತದೆ, ದತ್ತು ಅಲ್ಲಿಗೆ ಹೋದ ಮೇಲೆ. ಹೆತ್ತ ತಾಯಿ ಕೊಡುವುದಾದರೆ ಸಾಕ್ಷಿಗಳ ಮುಂದೆ ತಿಳಿದು ಒಪ್ಪಬೇಕು. ಒಪ್ಪಿದ ಮೇಲೂ ಮನಸ್ಸು ತಿರುಗೀತೆಂದು ಅವಳಿಗೆ ತಿಂಗಳುಗಟ್ಟಲೆ ಅವಕಾಶ. ಆಮೇಲೆ ನಮ್ಮ ದೇಶದಲ್ಲೇ ಸಾಕುವವರು ಸಿಗುತ್ತಾರೇನೋ ಎಂದು ಹುಡುಕಬೇಕು. ಯಾರೂ ಮುಂದೆ ಬರದಿದ್ದರೆ ಮಾತ್ರ ಹೊರಗಿನವರ ಪಾಳಿ. ಅವರ ದೇಶದ ಸಂಸ್ಥೆಯವರು ಆ ಗಂಡಹೆಂಡಿರ ಮನೆ ಹೊಕ್ಕು, ಗಳಿಕೆ, ಆರೋಗ್ಯ, ಸಂಸಾರ ಎಲ್ಲಾ ನೋಡಿ ವರದಿ ಬರೆಯಬೇಕು. ರಾಯಭಾರ ಕಚೇರಿಯ ಮೊಹರು ಬೀಳಬೇಕು. ಇಲ್ಲಿ ಅರ್ಜಿ ಹಾಕಿದ ಮೇಲೆ ಕೋರ್ಟು ಸಂಬಂಧವಿಲ್ಲದ ಮತ್ತೊಂದು ಸಂಸ್ಥೆಯಿಂದ ಪರಿಶೀಲನೆ ಮಾಡಿಸುತ್ತದೆ. ಆದೇಶವಾದ ಮೇಲೆ ಪಾಸ್‌ಪೋರ್ಟಿಗೆ ಅಲೆದಾಟ.

"ಒಂದು ತಿಂಗಳದಾಗ ಮುಗೀತದೇನ್ರಿ?" ಧರ್ಮಣ್ಣ ಕೇಳಿದ.

"ವರ್ಷದಾಗ ಮುಗಿದ್ರ ಪೇಢೆ ಹಂಚಬೇಕು."

"ಹಂಗಾದ್ರ ಪದ್ಮಾ ಅನ್ನೂ ಕೂಸಿಂದು?"

"ಅದು ಆಗ್ಯದಲ್ಲ, ನಾನೇ ನಡೆಸೀನಿ. ದೀಪಾವಳಿ ಮುಂದ ಜಡ್ಜ್ ಸಾಹೇಬ್ರು ಕೂಸಿನ್ನ ನೋಡಬೇಕಂದ್ರು. ಮಥುರಾಬಾಯಿ ತಂದಿದ್ರು. ಬೆಂಚು ಹಿಡಕೊಂಡು ಎರಡು ಹೆಜ್ಜಿ ನಡೀತು, ಕೋರ್ಟಿಗೆ ಕೋರ್ಟೇ ನಕ್ಕಿತ್ತು."

ಧರ್ಮಣ್ಣ ಕುರ್ಚಿಯಿಂದ ಎದ್ದ. ಮಲ್ಕಮ್ಮನ ಕೂಸಿಗೆ ಈಗ ಎಂಟು ತಿಂಗಳು. ದೀಪಾವಳಿಗೆ ಹೆಜ್ಜೆ ಇಟ್ಟ ಕೂಸು ಹೋಳಿ ಹೊತ್ತಿಗೆ ಮತ್ತೆ ಹೊಟ್ಟೆ ಎಳೆಯುತ್ತದೆಯೇ? ಆದೇಶ ಖರೆ, ಪಾಸ್‌ಪೋರ್ಟ್ ಖರೆ, ಪದ್ಮಾನೂ ಖರೆ. ಒಯ್ಯುತ್ತಿರುವ ಕೂಸು ಮಾತ್ರ ಬೇರೆ. ಹಾಗಿದ್ದರೆ ನಡೆಯುತ್ತಿದ್ದ ಪದ್ಮಾ ಎಲ್ಲಿ?

ಶನಿವಾರ ಬೆಳಿಗ್ಗೆ ಜೀಪು ಮತ್ತೆ ಗಾಣಗಾಪುರಕ್ಕೆ. ಮಲ್ಕಮ್ಮನನ್ನೂ ಹತ್ತಿಸಿಕೊಂಡಿದ್ದರು. ಆಶ್ರಮದಲ್ಲಿ ಮಥುರಾಬಾಯಿ ಇರಲಿಲ್ಲ. ಆಯಾ ತುಳಸಾಬಾಯಿ ಅಂಗಳದಲ್ಲಿ ಮಕ್ಕಳಿಗೆ ಅಂಬಲಿ ಕುಡಿಸುತ್ತಿದ್ದಳು. ಧರ್ಮಣ್ಣ ಗದರಲಿಲ್ಲ, ಪದ್ಮಾ ಎಲ್ಲಿ ಎಂದಷ್ಟೇ ಕೇಳಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಂಕ್ರಾಂತಿ ಮುಗಿದ ವಾರ ವಾಂತಿಭೇದಿ ಹತ್ತಿತ್ತು. ಡಾಕ್ಟರು ಬಂದರು, ಸಲೈನ್ ಏರಿಸಿದರು, ಉಳಿಯಲಿಲ್ಲ. ನಸುಕಿನಲ್ಲಿ ಭೀಮಾ ದಂಡೆಗೆ ಒಯ್ದು ಹುಗಿದರು. ಯಾರಿಗೂ ಬಾಯಿ ಬಿಡಬೇಡ ಎಂದು ಮಥುರಾಬಾಯಿ ಆಣೆ ಹಾಕಿಸಿಕೊಂಡಿದ್ದಳು. ಮುಂದಿನ ಹುಣ್ಣಿಮೆಗೆ ಮಲ್ಕಮ್ಮ ಕೂಸನ್ನೆತ್ತಿಕೊಂಡು ಬಂದಳು. ಆ ದಂಪತಿ ಮುಂಬೈಗೆ ಹೋಗಿದ್ದೇ ಸುಳ್ಳು, ಗುಲಬರ್ಗಾದ ಲಾಡ್ಜಿನಲ್ಲಿದ್ದರು. ನಿನ್ನೆ ಪೊಲೀಸರು ಬೆನ್ನು ತಿರುಗಿಸಿದ ಕೂಡಲೇ ಮಥುರಾಬಾಯಿ ಒಳಕೋಣೆಯ ಕೂಸನ್ನೆತ್ತಿಕೊಂಡು ಅಲ್ಲಿಗೇ ಹೋಗಿದ್ದಳು. ಇವತ್ತು ಸಂಜೆಯ ರೈಲಿಗೆ ದಂಪತಿ, ಕೂಸು ಮೂವರೂ ಮುಂಬೈಗೆ.

ತುಳಸಾಬಾಯಿ ತೋರಿಸಿದ ಜಾಗಕ್ಕೆ ಊರಿನ ಹೊರಠಾಣೆಯಿಂದ ಕರೆಸಿದ ಒಬ್ಬ ಪೇದೆಯನ್ನು ಕಾವಲು ನಿಲ್ಲಿಸಿ, ಅಗೆದು ಪಂಚನಾಮೆ ಮಾಡಲು ತಹಶೀಲ್ದಾರರಿಗೆ ಪತ್ರ ಬರೆದು, ಧರ್ಮಣ್ಣ ಜೀಪು ಹತ್ತಿದ. ದಾರಿಯುದ್ದಕ್ಕೂ ಮಲ್ಕಮ್ಮ ಒಂದೇ ಮಾತು ಕೇಳುತ್ತಿದ್ದಳು, ರೈಲು ಹೋದ ಮೇಲೆ ಮುಂದೇನು ಎಂದು. ಆ ಗಂಡಹೆಂಡಿರು ಒಮ್ಮೆ ವಿಮಾನ ಹತ್ತಿದರೆ ಕೂಸು ಕಾಗದದ ಪ್ರಕಾರ ಪದ್ಮಾ ಆಗಿಬಿಡುತ್ತದೆ, ಮಲ್ಕಮ್ಮನ ಮಗಳೆಂದು ಯಾವ ದೇಶದ ಕೋರ್ಟಿಗೆ ಹೇಳುವುದು? ಧರ್ಮಣ್ಣ ಅವಳಿಗೆ ಇದನ್ನು ಹೇಳಲಿಲ್ಲ. ಲಗೂ ಹೊಡಿಯೋ ಎಂದು ಡ್ರೈವರನಿಗೆ ಹೇಳಿದ.

ಗುಲಬರ್ಗಾ ಸ್ಟೇಷನ್ ಮುಟ್ಟಿದಾಗ ರೈಲು ಬರಲು ಇನ್ನೂ ಹೊತ್ತಿತ್ತು. ಪ್ಲಾಟ್‌ಫಾರ್ಮಿನ ಬೇವಿನ ನೆರಳಲ್ಲಿ ಪೆಟ್ಟಿಗೆಗಳ ಪಕ್ಕ ಅವರು ನಿಂತಿದ್ದರು. ನಲವತ್ತು ದಾಟಿದ ಗಂಡ, ಹೆಂಡತಿ, ನಡುವೆ ಮಥುರಾಬಾಯಿ. ಹೆಂಡತಿಯ ತೋಳಲ್ಲಿ ಕೂಸು, ಗುಲಬರ್ಗಾದ ಆ ಸೆಕೆಯಲ್ಲೂ ತಲೆಗೆ ಉಣ್ಣೆಯ ಕುಲಾಯಿ. ಮಲ್ಕಮ್ಮ ಕೂಗಲಿಲ್ಲ, ಬಾಯಿ ಬಡಕೊಳ್ಳಲಿಲ್ಲ. ಹತ್ತಿರ ಹೋಗಿ ಮಾತಾಡಿಸಿದಳು. ಕೂಸು ಆ ಹೆಂಗಸಿನ ಹೆಗಲ ಮೇಲಿಂದ ಹೊರಳಿ ನೋಡಿ ಎರಡೂ ಕೈ ಚಾಚಿತು. ಧರ್ಮಣ್ಣ ಸ್ಟೇಷನ್ ಮಾಸ್ತರನನ್ನೂ ಒಬ್ಬ ಹಮಾಲನನ್ನೂ ಸಾಕ್ಷಿಗೆ ಪಂಚರೆಂದು ನಿಲ್ಲಿಸಿ ಕುಲಾಯಿ ಸರಿಸಿದ. ಬಲಗಿವಿಯ ಹಿಂದೆ ಮಚ್ಚೆ ಇತ್ತು.

ಮಥುರಾಬಾಯಿ ಓಡಲಿಲ್ಲ, ವಾದಿಸಲೂ ಇಲ್ಲ. ಬೆಲ್ಜಿಯಂ ಹೆಂಗಸು ಏನಾಯಿತೆಂದು ಅವಳ ಮುಖ, ಇವನ ಮುಖ ನೋಡುತ್ತಿದ್ದಳು.

"ಪದ್ಮಾ ಏನಾದಳು ಅಂತ ಅವರಿಗೆ ಹೇಳ್ರಿ ಬಾಯಾರ," ಧರ್ಮಣ್ಣ ಅಂದ.

"ನೀವೇ ಹೇಳ್ರಿ ಸಾಹೇಬ್ರ. ನನಗ ಆಗೂದಿಲ್ಲ."

"ಇಂಗ್ಲಿಷ್ ನನಗೂ ಬರ್ತದ. ಆದ್ರ ಇದು ನೀವು ಹೇಳೂ ಮಾತು."

ಮಥುರಾಬಾಯಿ ಹೇಳಿದಳು. ನಾಲ್ಕೇ ಮಾತು, ತಗ್ಗಿದ ದನಿ. ಆ ಹೆಂಗಸು ಕೂಸನ್ನು ತಾನೇ ಮಲ್ಕಮ್ಮನ ಕೈಗೆ ಕೊಟ್ಟು ಪೆಟ್ಟಿಗೆಯ ಮೇಲೆ ಕೂತಳು. ಗಂಡ, ಪದ್ಮಾಳನ್ನು ಹುಗಿದ ಜಾಗ ತೋರಿಸುತ್ತೀರಾ ಎಂದಷ್ಟೇ ಕೇಳಿದ. ತೋರಿಸುತ್ತೇವೆ ಎಂದು ಧರ್ಮಣ್ಣ ಹೇಳಿದ. ರೈಲು ಬಂತು, ಹೋಯಿತು.

ರೈಲ್ವೆ ಪೊಲೀಸರ ಕೋಣೆಯಲ್ಲಿ, ಮಹಿಳಾ ಪೇದೆಯ ಸಮಕ್ಷಮ ಮಥುರಾಬಾಯಿಯನ್ನು ದಸ್ತಗಿರಿ ಮಾಡಲಾಯಿತು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಡೆಯುವುದಿಲ್ಲವೆಂದು ಧರ್ಮಣ್ಣ ಬಲ್ಲ. ಆದರೂ ಯಾಕೆಂದು ಕೇಳದಿರಲು ಅವನಿಂದಾಗಲಿಲ್ಲ. ಅವಳು ಮುಚ್ಚುಮರೆ ಮಾಡಲಿಲ್ಲ. ಆ ದಂಪತಿ ಮೂರು ವರ್ಷ ಕಾದಿದ್ದರು. ಬರೀ ಫೋಟೋ ನೋಡಿಯೇ ಪದ್ಮಾಳಿಗೆ ತಿಂಗಳಿಗೊಂದು ಅಂಗಿ ಹೆಣೆದು ಕಳಿಸುತ್ತಿದ್ದರು. ಅವಳನ್ನು ಹುಗಿದು ಬಂದ ದಿನವೇ ಟಿಕೆಟ್ ತೆಗೆಸಿದ್ದೇವೆಂದು ತಂತಿ ಬಂತು. ಕೂಸು ಹೋಯಿತೆಂದು ಬರೆಯಲು ಕೂತರೆ ಕೈ ಏಳಲಿಲ್ಲ. ಹಳೆಯ ಫೋಟೋದ ಕೂಸಿಗೂ ಎದುರಿನ ಕೂಸಿಗೂ ವ್ಯತ್ಯಾಸ ಯಾವ ಅಧಿಕಾರಿಗೆ ಗೊತ್ತಾದೀತು ಅಂದುಕೊಂಡಳು; ದಂಪತಿಗೆ, ಕಾಯಿಲೆ ಬಿದ್ದು ಕೂಸು ಸೊರಗಿ ಸಣ್ಣದಾಗಿದೆ ಎಂದು ನಂಬಿಸಿದಳು. ಒಂದು ಪೈಸೆ ಮುಟ್ಟಿರಲಿಲ್ಲ. ಅದು ಖರೆಯೇ ಎಂದು ಮುಂದೆ ತನಿಖೆಯಲ್ಲೂ ಗೊತ್ತಾಯಿತು.

"ಮಲ್ಕಮ್ಮ ಸಣ್ಣ ವಯಸ್ಸಿನಾಕಿ, ಇನ್ನೊಂದು ಹಡೀತಾಳ ಅಂದ್ಕೊಂಡೆ. ಆ ಹೆಣ್ಣುಮಗಳಿಗೆ ಅದೂ ಇರಲಿಲ್ಲ," ಅಂದಳು.

"ಎರಡು ಮಣ್ಣು ಮಾಡೀನಿ ಅಂತ ಮಲ್ಕಮ್ಮ ನಿಮಗ ಹೇಳಿರಲಿಲ್ಲೇನು?"

"ಹೇಳಿದ್ಲು."

"ಮತ್ತ?"

ಮಥುರಾಬಾಯಿ ಸೆರಗನ್ನು ಮೈತುಂಬ ಹೊದ್ದುಕೊಂಡಳು.

"ಅವರಿಗೆಲ್ಲಾ ರೂಢಿ ಇರ್ತದ ಅಂದ್ಕೊಂಡೆ, ಸಾಹೇಬ್ರ."

ಧರ್ಮಣ್ಣನಿಗೆ ಅವ್ವ ಮಾಣಿಕಮ್ಮ ಅಳೆದ ಸೇರು ಜೋಳ ನೆನಪಾಯಿತು. ಮಥುರಾಬಾಯಿ ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದುಕೊಂಡು, ಕೆಳಗೆ ತಾರೀಖು ಹಾಕಿ ಹೊರಗೆ ಬಂದ. ಮಲ್ಕಮ್ಮ ಗೋಡೆಗೆ ಆನಿಕೊಂಡು, ಬತ್ತಿದ ಎದೆಗೇ ಕೂಸನ್ನು ಹಚ್ಚಿಕೊಂಡು ಕೂತಿದ್ದಳು. ಮಹಮ್ಮದ ಚಹಾದಂಗಡಿಯಿಂದ ಹಾಲು ತರಲು ಹೋಗಿದ್ದ.