ನಾಲ್ಕಕ್ಷರದ ಬುಕಿಂಗ್ ಕೋಡ್

ನಿಮ್ಮ ಕಪಾಟಿನಲ್ಲಿ ಯಾರ ಪಾಸ್‌ಪೋರ್ಟ್ ಇದೆ? ಜೋಪಾನಕ್ಕೆಂದು ಇಟ್ಟಿದ್ದೇವೆ ಎನ್ನಬೇಡಿ. ಕುವೈತಿನ ಸಾಲ್ಮಿಯಾದ ನಿತೇಶನೂ ಹಾಗೆಯೇ ಹೇಳುತ್ತಿದ್ದ. ಅವನ ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಬಂದ ಅಶ್ಮಿತಾ ಅವನನ್ನು ಅಣ್ಣ ಎಂದು ಕರೆಯುತ್ತಿದ್ದಳು. ಅವನು ಅವಳನ್ನು ಹೊಡೆಯುತ್ತಿದ್ದ.

ಲತೀಶ ಕುವೈತ್ ಸಿಟಿಯ ಟ್ರಾವೆಲ್ಸ್ ಒಂದರಲ್ಲಿ ಟಿಕೆಟ್ ಮಾಡುವವನು. ಶುಕ್ರವಾರದ ಎರಡು ತಾಸಿನ ಬಿಡುವಿನಲ್ಲಿ ಅಶ್ಮಿತಾ ಅವನ ಕೌಂಟರಿನೆದುರು ಕುಳಿತು ಗೋಡೆಯ ಮೇಲಿನ ಪೆಟ್ರಾವನ್ನು, ಜೋರ್ಡಾನಿನ ಗುಲಾಬಿ ಬಂಡೆಯಲ್ಲಿ ಕೊರೆದ ಆ ಹಾಳು ನಗರದ ಚಿತ್ರವನ್ನು, ನೋಡುವಳು. ಅವನು ಅವಳನ್ನು ನೋಡುವನು.

ಫೋನಿನಲ್ಲಿ ಅಕ್ಷರ ತಪ್ಪದಂತೆ ಹೇಳುವ ಕ್ರಮವನ್ನು ಅವನೇ ಕಲಿಸಿದ್ದ. ಎ ಎಂದರೆ ಆಲ್ಫಾ, ಬಿ ಎಂದರೆ ಬ್ರಾವೋ, ಇ ಎಂದರೆ ಇಕೋ, ಎಲ್ ಎಂದರೆ ಲಿಮಾ.

“ಎಲ್ ಅಂದ್ರೆ ಲತೀಶ್ ಅಂತ ಇಟ್ಕೊಳ್ತೇನೆ,” ಎಂದಳು, ಚಿತ್ರದಿಂದ ಕಣ್ಣು ಕೀಳದೆ.

ಆಗಲೇ ಅವಳ ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತು ಕಂಡಿತು. ಅವಳು ಶಾಲು ಎಳೆದುಕೊಂಡಳು. ಮದುವೆಯಾಗಿ ಪೆಟ್ರಾಕ್ಕೆ ಹೋಗೋಣವೇ ಎಂದು ಕೇಳಿ, ಲತೀಶ ವಿಮಾನದಲ್ಲಿ ಮರುದಿನ ಸಂಜೆಯವರೆಗೆ ಎರಡು ಸೀಟು ತಡೆದಿಟ್ಟ. ಪಾಸ್‌ಪೋರ್ಟ್ ಅಣ್ಣನ ಹತ್ತಿರ ಕೇಳಿ ನೋಡುತ್ತೇನೆ ಎಂದಳು. ಅದೇ ಅವಳ ಒಪ್ಪಿಗೆ.

ಮರುದಿನ ಮಧ್ಯಾಹ್ನ ಫೋನು ಬಂತು. ಹಿಂದೆ ನಿತೇಶನ ಕೂಗು: “ಪೆಟ್ರಾ ಅಂತೆ ಇವಳಿಗೆ. ಕ್ಯಾನ್ಸಲ್ ಮಾಡ್ಲಿಕ್ಕೆ ಹೇಳು ಅವನಿಗೆ. ಹೇಳು.” ಏಟು ಬಿದ್ದ ಸದ್ದು.

“ಬುಕಿಂಗ್ ಕ್ಯಾನ್ಸಲ್ ಮಾಡಿ,” ಎಂದಳು ಅಶ್ಮಿತಾ. “ಕೋಡ್ ಬರ್ಕೊಳ್ಳಿ. ಬ್ರಾವೋ, ಆಲ್ಫಾ, ಲತೀಶ್, ಇಕೋ.”

“ಅದಲ್ಲ. ಕೋಡಿಗೆ ಆರಕ್ಷರ ಇರ್ಬೇಕು,” ಎಂದು ಅವನು ತಿದ್ದಿದ.

ಇನ್ನೊಂದು ಏಟು. ಫೋನು ಕಡಿಯಿತು. ತಿದ್ದಿದ ಆ ಒಂದು ಮಾತಿಗಾಗಿ ಲತೀಶ ಇನ್ನೂ ತನ್ನನ್ನು ಕ್ಷಮಿಸಿಕೊಂಡಿಲ್ಲ. ಬರೆದುಕೊಂಡ ಚೀಟಿಯನ್ನು ನೋಡಿದ: ಬಿ, ಎ, ಎಲ್, ಇ. ಬಲೆ. ಮೂವರಿಗೂ ಮನೆಮಾತಾದ ತುಳುವಿನಲ್ಲಿ ‘ಬನ್ನಿ’ ಎಂದರ್ಥ. ನಿತೇಶನ ಎದುರಲ್ಲೇ, ಅವನಿಗೆ ತಿಳಿಯದ ಅಕ್ಷರಗಳಲ್ಲಿ ಅವಳು ಕರೆದಿದ್ದಳು.

ಟ್ಯಾಕ್ಸಿ ಹಿಡಿದು ಸಾಲ್ಮಿಯಾ ತಲುಪಿದ. ಬಾಗಿಲು ತೆರೆದ ನಿತೇಶ, “ನಮ್ಮ ಮನೆ ಹುಡುಗಿಯ ವಿಷಯಕ್ಕೆ ಬರ್ಲಿಕ್ಕೆ ನೀನು ಯಾರು ಮಾರಾಯ?” ಎನ್ನುತ್ತಲೇ ಅವನ ತಲೆಯನ್ನು ಚೌಕಟ್ಟಿಗೆ ಅಪ್ಪಳಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಲತೀಶ ತಿರುಗಿ ಹೊಡೆಯಲಿಲ್ಲ. ಆ ಎರಡು ಕೈಗಳನ್ನು ಹಿಡಿದು ನಿಂತ, ಬಿಡಲಿಲ್ಲ.

ಒಳಗೆ ಮರ ಸಿಡಿದ ಸದ್ದಾಯಿತು. ತನ್ನನ್ನು ಸುಟ್ಟ ಅದೇ ಇಸ್ತ್ರಿಪೆಟ್ಟಿಗೆಯಿಂದ ಅಶ್ಮಿತಾ ಕಪಾಟಿನ ಬೀಗ ಒಡೆದಿದ್ದಳು. ತುಟಿ ಒಡೆದಿತ್ತು, ಕೈಯಲ್ಲಿ ಪಾಸ್‌ಪೋರ್ಟ್ ಇತ್ತು.

“ಅಣ್ಣ, ಇದು ನನ್ನದು. ಜೋಪಾನ ನಾನೇ ಮಾಡ್ಕೊಳ್ತೇನೆ.” ಅವಳು ಹೊಸ್ತಿಲು ದಾಟಿದ ಮೇಲೆಯೇ ಲತೀಶ ಆ ಕೈಗಳನ್ನು ಬಿಟ್ಟ.

ಪೊಲೀಸ್ ಠಾಣೆಯತ್ತ ಹೊರಟ ಟ್ಯಾಕ್ಸಿಯಲ್ಲಿ ಅವಳು ಶಾಲನ್ನು ಅವನ ಹುಬ್ಬಿಗೆ ಒತ್ತಿ ಹಿಡಿದಳು. “ಕರೆದ್ರೆ ಸ್ಪೆಲ್ಲಿಂಗ್ ತಿದ್ದುವವರನ್ನು ಮದುವೆ ಆಗ್ಬೇಕಾ ನಾನು?”

“ಆಗ್ಬೇಕಾ?”

“ಮೊದಲು ಟಿಕೆಟಿಗೆ ನಂಬರ್ ಬರ್ಕೊಳ್ಳಿ,” ಎಂದು ಪಾಸ್‌ಪೋರ್ಟ್ ತೆರೆದು ಅವನ ಮಡಿಲಲ್ಲಿಟ್ಟಳು.

ಓದುಗರೇ, ಪೆಟ್ರಾ ಎರಡು ಸಾವಿರ ವರ್ಷ ನಿಂತಿದೆ. ಇವರಿಬ್ಬರಿಗಾಗಿ ಇನ್ನೊಂದು ತಿಂಗಳು ಕಾಯುತ್ತದೆ. ನೀವು ಕಾಯಬೇಡಿ. ಈಗಲೇ ಎದ್ದು ಕಪಾಟು ತೆರೆಯಿರಿ. ಆ ಪಾಸ್‌ಪೋರ್ಟ್ ಯಾರದೋ, ಅವರ ಕೈಗೆ ಕೊಟ್ಟು ಬನ್ನಿ.